ರಾಕಾನ್ ಚಿತ್ರದ ಸಾತ್ಸುಮಾ ಹೂದಾನಿ: ಗುರುತಿಸುವುದು, ಪರೀಕ್ಷಿಸುವುದು, ಕಾಪಾಡುವುದು

ಕೆನೆ ಬಣ್ಣದ ಮೈ, ಅದರ ಮೇಲೆ ಚಿನ್ನದ ಪ್ರಭಾವಳಿ ಹೊತ್ತ ಬೋಳುತಲೆಯ ಸನ್ಯಾಸಿಗಳ ಗುಂಪು, ಅವರ ಬೆನ್ನ ಹಿಂದಿನಿಂದ ಬಳಸಿ ಬರುವ ಡ್ರ್ಯಾಗನ್. ಬೌದ್ಧ ಚಿತ್ರಗಳಿರುವ ಹಳೆಯ ಜಪಾನಿ ಪಾತ್ರೆ ಎಂದು ಹರಾಜಿಗೂ ಹಳೇ ಸಾಮಾನಿನ ಅಂಗಡಿಗೂ ಬರುವುದರಲ್ಲಿ ಈ ಬಗೆಯದೇ ಹೆಚ್ಚು. ಇದರ ಹೆಸರು ಸಾತ್ಸುಮಾ. ಆ ಸನ್ಯಾಸಿಗಳು ರಾಕಾನ್‌ಗಳು, ಅಂದರೆ ಬುದ್ಧನ ಶಿಷ್ಯರಾದ ಅರ್ಹಂತರು. ಅಂಗಡಿಯವರು ಪಿಂಗಾಣಿ ಎಂದೇ ಹೇಳುತ್ತಾರೆ, ಆದರೆ ಇದು ಪಿಂಗಾಣಿಯಲ್ಲ. ನೀರು ಹೀರುವ ಮಣ್ಣಿನ ಮೈ, ಮೇಲೊಂದು ತೆಳು ಗ್ಲೇಜ್ (ಗಾಜಿನಂಥ ಹೊದಿಕೆ), ಅದರ ಮೇಲೆ ಬಣ್ಣ ಮತ್ತು ಚಿನ್ನ. ಕೊಳ್ಳುವಾಗಲೂ ಒರೆಸುವಾಗಲೂ ಈ ಒಂದು ಸಂಗತಿ ಮರೆತರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಬಹಳ ಜನ ಹೂದಾನಿಯನ್ನು ಕೈಗೆತ್ತಿಕೊಂಡ ಕೂಡಲೇ ತಲೆಕೆಳಗು ಮಾಡಿ ಅಡಿಯ ಮುದ್ರೆ ನೋಡುತ್ತಾರೆ. ಮುದ್ರೆಯನ್ನು ಯಾರು ಬೇಕಾದರೂ ಬರೆಯಬಹುದು. ಮೂರು ಮಿಲಿಮೀಟರ್ ಅಗಲದ ಒಂದು ಮುಖವನ್ನು ಕುಂಚದಿಂದ ಬರೆಯುವುದು ಎಲ್ಲರ ಕೈಲಿ ಆಗುವ ಕೆಲಸವಲ್ಲ. ಆದ್ದರಿಂದ ಇಲ್ಲಿ ಮುದ್ರೆ ಕೊನೆಗೆ ಬರುತ್ತದೆ, ಮುಖ ಮೊದಲು.

ಮೊದಲು ವಯಸ್ಸಿನ ಲೆಕ್ಕ

"ಮುನ್ನೂರು ವರ್ಷ ಹಳೆಯದು" ಎಂದು ರಾಕಾನ್ ಚಿತ್ರದ ಹೂದಾನಿ ತೋರಿಸಿದರೆ ನಂಬಬೇಡಿ. ಸಾತ್ಸುಮಾದ ಕುಂಬಾರಿಕೆ ಹಳೆಯದೇ. ಕೊರಿಯಾದ ಮೇಲಿನ ಜಪಾನಿನ ದಂಡಯಾತ್ರೆ 1598ರಲ್ಲಿ ಮುಗಿದಾಗ ಸಾತ್ಸುಮಾ ಸಂಸ್ಥಾನವನ್ನು ಆಳುತ್ತಿದ್ದ ಶಿಮಾಜು ಮನೆತನದವರು ಅಲ್ಲಿಂದ ಕುಂಬಾರರನ್ನು ಕರೆತಂದು ಕ್ಯೂಶೂ ದ್ವೀಪದ ದಕ್ಷಿಣ ತುದಿಯಲ್ಲಿ, ಇಂದಿನ ಕಾಗೊಶಿಮಾ ಸೀಮೆಯಲ್ಲಿ ನೆಲೆಗೊಳಿಸಿದರು. ಆದರೆ ಬಿಳಿ ಮೈಯ ಮೇಲೆ ಬಣ್ಣ ಮತ್ತು ಚಿನ್ನದಲ್ಲಿ ಬರೆಯುವುದು ಹದಿನೆಂಟನೇ ಶತಮಾನದ ಕೊನೆಗೆ ಶುರುವಾದದ್ದು, ಅದೂ ಹೆಚ್ಚಾಗಿ ಹೂಬಳ್ಳಿ. ಜನ, ಸನ್ಯಾಸಿ, ದೇವತೆಗಳು ತುಂಬಿಕೊಂಡದ್ದು ರಫ್ತು ಶುರುವಾದ ಮೇಲೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಸಾತ್ಸುಮಾ ಸಂಸ್ಥಾನ ತನ್ನದೇ ಮಳಿಗೆ ಇಟ್ಟಿತು. 1873ರಲ್ಲಿ ವಿಯೆನ್ನಾ. ಯುರೋಪಿನವರು ಮುಗಿಬಿದ್ದು ಕೊಂಡರು. ಕೆಲವೇ ವರ್ಷಗಳಲ್ಲಿ ಕ್ಯೋಟೊದ ಅವಾತಾ ಬಡಾವಣೆ, ಒಸಾಕಾ, ಯೋಕೊಹಾಮಾ, ಟೋಕಿಯೊಗಳಲ್ಲೂ ಸಾತ್ಸುಮಾ ಶೈಲಿಯ ಪಾತ್ರೆಗೆ ಬಣ್ಣ ಬರೆಯುವ ಕಾರ್ಖಾನೆಗಳು ಎದ್ದವು. ಹಾಗಾಗಿ ಸಾತ್ಸುಮಾ ಎಂದು ಇಂದು ಕೈಗೆ ಸಿಗುವ ಹೂದಾನಿಗಳಲ್ಲಿ ಹೆಚ್ಚಿನವು ಕಾಗೊಶಿಮಾದಲ್ಲಿ ತಯಾರಾದವೇ ಅಲ್ಲ.

ರಾಕಾನ್ ಹೂದಾನಿಗಳ ಕಾಲ ಸರಿಸುಮಾರು 1870ರಿಂದ 1930ರ ದಶಕದವರೆಗೆ. ನಾಜೂಕಿನ ಕೆಲಸ ಹೆಚ್ಚಾಗಿ ಇದರ ಮೊದಲರ್ಧದ್ದು. ಕಂದು ಅಥವಾ ಕಪ್ಪು ಹಿನ್ನೆಲೆ, ಉಬ್ಬಿದ ಬಿಳಿ ಚುಕ್ಕೆಗಳ ಸಾಲು, ಗಂಟಿಕ್ಕಿದ ಒಂದೇ ಅಚ್ಚಿನ ಮುಖಗಳು, ಇವು 1910ರ ನಂತರದ ಸಗಟು ಮಾಲು. ಅಂಗಡಿಗಳಲ್ಲಿ ಅತಿ ಹೆಚ್ಚು ಕಾಣುವುದೂ ಇವೇ.

ಇನ್ನೊಂದು ವಿಚಾರ ತಿಳಿದಿದ್ದರೆ ಚಿತ್ರಗಳನ್ನು ಓದಲು ಅನುಕೂಲ. 1868ರಲ್ಲಿ ಜಪಾನಿನ ಹೊಸ ಸರ್ಕಾರ, ಅಲ್ಲಿನ ಮೂಲ ಧರ್ಮವಾದ ಶಿಂಟೊ ಮತ್ತು ಬೌದ್ಧ ಆಚರಣೆಗಳನ್ನು ಬೇರ್ಪಡಿಸಲು ಆಜ್ಞೆ ಹೊರಡಿಸಿತು. ಅದರ ಬೆನ್ನಿಗೇ ಜಪಾನಿನ ಹಲವೆಡೆ ಬೌದ್ಧ ದೇಗುಲಗಳ ಮೇಲೆ ದಾಳಿಯಾಯಿತು, ಸಾತ್ಸುಮಾ ಸೀಮೆಯಲ್ಲಂತೂ ಸಾವಿರಕ್ಕೂ ಹೆಚ್ಚು ದೇಗುಲಗಳು ಮುಚ್ಚಿದವು. ಅದೇ ಹೊತ್ತಿನಲ್ಲಿ ಆ ಸೀಮೆಯ ಹೆಸರು ಹೊತ್ತ ಹೂದಾನಿಗಳ ಮೇಲೆ ಅರ್ಹಂತರು ಸಾಲುಗಟ್ಟಿ ಲಂಡನ್, ನ್ಯೂಯಾರ್ಕಿನ ಮನೆಗಳಿಗೆ ಹೊರಟಿದ್ದರು. ಅಂದರೆ ಇವು ಪೂಜೆಗೆ ಮಾಡಿದ ವಸ್ತುಗಳಲ್ಲ, ಪರದೇಶದ ಗಿರಾಕಿಗೆ ಬರೆದ ಚಿತ್ರಗಳು. ಶಾಸ್ತ್ರದ ಪ್ರಕಾರ ಹದಿನಾರು ರಾಕಾನ್‌ಗಳಿರಬೇಕಾದಲ್ಲಿ ಒಂಬತ್ತೋ ಇಪ್ಪತ್ಮೂರೋ ಇದ್ದರೆ ಅದು ನಕಲಿ ಎಂದಲ್ಲ. ಜಾಗ ಎಷ್ಟಿತ್ತೋ ಅಷ್ಟು ಬರೆದಿದ್ದಾರೆ.

ಸಲಕರಣೆ, ಮತ್ತು ಎತ್ತುವ ಕ್ರಮ

ಬೇಕಾದದ್ದು ಇಷ್ಟು: ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ (ಚಿನಿವಾರರು ಕಣ್ಣಿಗೆ ಹಿಡಿಯುವಂಥದ್ದು), ಚಿಕ್ಕ ಎಲ್‌ಇಡಿ ಟಾರ್ಚ್, 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್, ಅಳತೆ ಟೇಪು, ಅಡುಗೆಮನೆಯ ತಕ್ಕಡಿ, ಎರಡು ಮಡಿಕೆ ಹಾಸಿದ ದಪ್ಪ ಟವೆಲ್.

ಉಂಗುರ, ಬಳೆ, ವಾಚು ಬಿಚ್ಚಿಡಿ. ಕೈ ತೊಳೆದು ಪೂರ್ತಿ ಒಣಗಿಸಿ. ಬಟ್ಟೆಯ ಕೈಗವಸು ಬೇಡ, ನುಣುಪಾದ ಗ್ಲೇಜ್ ಮೇಲೆ ಅದು ಜಾರುತ್ತದೆ, ನೂಲು ಉಬ್ಬುಚುಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳವಿದ್ದರೆ ಮೊದಲು ಅದನ್ನು ತೆಗೆದು ಬೇರೆ ಇಡಿ. ಒಂದು ಕೈ ಅಡಿಗೆ, ಇನ್ನೊಂದು ಕೈ ಹೊಟ್ಟೆಗೆ. ಕಿವಿಯಂಥ ಹಿಡಿಕೆಗಳನ್ನಾಗಲಿ ಬಾಯಂಚನ್ನಾಗಲಿ ಹಿಡಿದು ಎತ್ತಲೇಬಾರದು. ಹಿಡಿಕೆಗಳನ್ನು ಬೇರೆಯಾಗಿ ಮಾಡಿ ಹಸಿ ಮೈಗೆ ಅಂಟಿಸಿರುತ್ತಾರೆ, ನೂರು ವರ್ಷದ ಮೇಲೆ ಮೊದಲು ಬಿಡುವುದು ಆ ಬೆಸುಗೆಯೇ. ಸಿಂಹ, ಆನೆ ತಲೆಯ ಹಿಡಿಕೆಗಳಲ್ಲಿ ಕುತ್ತಿಗೆಯ ಸಂದನ್ನು ಲೂಪಿನಲ್ಲಿ ನೋಡಿ. ಅಲ್ಲಿ ಚಿನ್ನದ ಬಣ್ಣ ಉಳಿದ ಕಡೆಗಿಂತ ಹೊಸದಾಗಿ ಕಂಡರೆ ಒಡೆದು ಅಂಟಿಸಿರುತ್ತಾರೆ.

ಮಣ್ಣು ಮತ್ತು ಗ್ಲೇಜ್

ಹೂದಾನಿಯನ್ನು ಟವೆಲ್ ಮೇಲೆ ಮಲಗಿಸಿ ಅಡಿಯ ಬಳೆ, ಅಂದರೆ ಪಾತ್ರೆ ನಿಲ್ಲುವ ದುಂಡು ಅಂಚು, ನೋಡಿ. ಗ್ಲೇಜ್ ಹತ್ತದ ಅಂಚಿನಲ್ಲಿ ಮಣ್ಣು ಕಾಣುತ್ತದೆ. ಅದು ಕೆನೆಯಿಂದ ತಿಳಿ ಹಳದಿಯವರೆಗಿನ ಬಣ್ಣದ್ದಾಗಿ, ನುಣ್ಣಗಿರಬೇಕು. ಸುಣ್ಣದಂತೆ ಅಚ್ಚ ಬಿಳಿಯಾಗಿದ್ದು ಗಾಜಿನಂತೆ ಗಟ್ಟಿಯಾಗಿದ್ದರೆ ಅನುಮಾನ ಬರಲಿ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಒಳಗಿನಿಂದ ಗೋಡೆಗೆ ಒತ್ತಿ ಹಿಡಿಯಿರಿ. ಸಾತ್ಸುಮಾದ ಮಣ್ಣಿನಲ್ಲಿ ಬೆಳಕು ಹೊರಕ್ಕೆ ಹಾಯುವುದಿಲ್ಲ. ಗೋಡೆ ಕಿತ್ತಳೆಯಾಗಿಯೋ ಬೆಳ್ಳಗೋ ಬೆಳಗಿದರೆ ಅದು ಪಿಂಗಾಣಿ. ಜಪಾನಿನದೇ ಕುತಾನಿ ಪಾತ್ರೆಗಳಲ್ಲೂ ರಾಕಾನ್‌ಗಳಿದ್ದಾರೆ, ಕೆಂಪು ಮತ್ತು ಚಿನ್ನದಲ್ಲಿ, ಪಿಂಗಾಣಿ ಮೈಯ ಮೇಲೆ. ಬೆಳಗಿದ ಮಾತ್ರಕ್ಕೆ ಬಿಸಾಡಬೇಡಿ, ಅದು ಸಾತ್ಸುಮಾ ಅಲ್ಲ ಎಂದಷ್ಟೇ ತಿಳಿಯಿರಿ.

ಗ್ಲೇಜ್ ತುಂಬ ಕೂದಲೆಳೆಯ ಬಿರುಕಿನ ಬಲೆ ಇರುತ್ತದೆ. ಆವಿಗೆಯಲ್ಲಿ ಸುಟ್ಟು ತಣಿಯುವಾಗ ಒಳಗಿನ ಮಣ್ಣಿಗಿಂತ ಮೇಲಿನ ಗ್ಲೇಜ್ ಹೆಚ್ಚು ಕುಗ್ಗುವುದರಿಂದ ಬಂದದ್ದು ಅದು, ದೋಷವಲ್ಲ. ಒಳ್ಳೆಯ ಮಾಲಿನಲ್ಲಿ ಬಲೆಯ ಕಣ್ಣುಗಳು ತೀರಾ ಚಿಕ್ಕವು, ಬರಿಗಣ್ಣಿಗೆ ಹತ್ತಿರ ಹಿಡಿದರಷ್ಟೇ ಕಾಣುತ್ತವೆ. ಆ ಬಿರುಕುಗಳಲ್ಲಿ ಕೂತ ಕೊಳೆ ಎಲ್ಲೆಲ್ಲಿದೆ ಎನ್ನುವುದನ್ನು ಗಮನಿಸಿ. ನಿಜವಾಗಿ ಬಳಕೆಯಾದ ಹೂದಾನಿಯಲ್ಲಿ ಅಡಿ, ಬಾಯಂಚು, ನೀರು ನಿಂತ ಒಳಭಾಗಗಳಲ್ಲಿ ಕಂದು ಹೆಚ್ಚು, ಉಳಿದೆಡೆ ಕಡಿಮೆ. ಒಳಗೂ ಹೊರಗೂ ಒಂದೇ ಸಮನಾದ ಚಹಾ ಬಣ್ಣ ಕಂಡರೆ ಹಳತಾಗಿ ಕಾಣಲೆಂದು ಬಣ್ಣದ ನೀರಲ್ಲಿ ಅದ್ದಿ ತೆಗೆದಿದ್ದಾರೆ.

ಬಿರುಕಿನ ಬಲೆಗೂ ನಿಜವಾದ ಸೀಳಿಗೂ ವ್ಯತ್ಯಾಸ ಹೀಗೆ ತಿಳಿಯುತ್ತದೆ: ಬಲೆ ಗ್ಲೇಜಿನಲ್ಲಿ ಮಾತ್ರ ಇರುತ್ತದೆ, ಸೀಳು ಗೋಡೆಯನ್ನೇ ಹಾಯುತ್ತದೆ. ಅನುಮಾನ ಬಂದ ಗೆರೆಯ ನೇರಕ್ಕೆ ಒಳಗೆ ಟಾರ್ಚ್ ಹಾಕಿ ನೋಡಿ. ಅದೇ ದಾರಿಯಲ್ಲಿ ಅಲ್ಲೂ ಗೆರೆಯಿದ್ದರೆ ಸೀಳು. ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಜರ್ರೆನ್ನುವ ಸದ್ದು ಬಂದರೂ ಹಾಗೆಯೇ. ಸಾತ್ಸುಮಾ ಗಂಟೆಯಂತೆ ಮೊಳಗುವುದಿಲ್ಲ, ಅದರ ಸಹಜ ದನಿಯೇ ಮಂದ. ಆದ್ದರಿಂದ ಮಂದ ದನಿ ಕೇಳಿ ಹೆದರಬೇಕಿಲ್ಲ, ಜರ್ರೆನ್ನುವ ದನಿಗೆ ಮಾತ್ರ ಎಚ್ಚರ.

ಮುಖಗಳನ್ನು ಓದುವುದು

ಲೂಪನ್ನು ಕಣ್ಣಿಗೆ ತಾಗಿಸಿ ಹಿಡಿದು, ಹೂದಾನಿಯನ್ನು ಅದರ ಹತ್ತಿರ ತನ್ನಿ. ಎರಡೂವರೆ ಸೆಂಟಿಮೀಟರಿನಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಒಂದು ರಾಕಾನ್ ಮುಖ ಆರಿಸಿಕೊಂಡು ಹುಬ್ಬಿನಿಂದ ಶುರು ಮಾಡಿ.

ಒಳ್ಳೆಯ ಕೆಲಸದಲ್ಲಿ ಹುಬ್ಬು ಒಂದೇ ಗೆರೆಯಲ್ಲ, ಬೇರೆ ಬೇರೆ ಎಳೆಗಳು. ಮುದಿ ರಾಕಾನ್‌ಗೆ ಬಿಳಿ ಹುಬ್ಬು ಕೆನ್ನೆಯವರೆಗೆ ಇಳಿಬಿದ್ದಿರುತ್ತದೆ. ಕಣ್ಣಿಗೆ ಮೇಲಿನ ರೆಪ್ಪೆಯ ಗೆರೆ ದಪ್ಪ, ಕೆಳಗಿನದು ತೆಳು, ನಡುವೆ ಚುಕ್ಕೆಯಷ್ಟು ಕಪ್ಪು. ಬಾಯಿ ತೆರೆದಿದ್ದರೆ ಹಲ್ಲು ಕಾಣಬಹುದು. ಬೋಳುತಲೆಯ ಮೇಲೆ, ಹೊಸದಾಗಿ ಬೋಳಿಸಿದ ಜಾಗ ತೋರಿಸಲು ತಿಳಿ ಬೂದು ಛಾಯೆ. ಜೋಲುವ ಕಿವಿಯಲ್ಲಿ ಚಿನ್ನದ ಬಳೆ. ಕೆನ್ನೆಯ ಮೂಳೆಯ ಕೆಳಗೆ ಒಂದು ಕೆಂಗಂದು ನೆರಳು. ಈಗ ಪಕ್ಕದ ಮುಖಕ್ಕೆ ಹೋಗಿ. ಅವನು ಬೇರೆ ಮನುಷ್ಯನಾಗಿರಬೇಕು: ದಪ್ಪಗಿನವನು, ಇಲ್ಲವೇ ಬೇರೆ ಕಡೆ ನೋಡುತ್ತಿರುವವನು, ಇಲ್ಲವೇ ಪಕ್ಕದವನ ಕಿವಿಯಲ್ಲಿ ಏನೋ ಹೇಳುತ್ತಿರುವವನು. ಐದು ಮುಖ ನೋಡಿದ ಮೇಲೂ ಐವರು ಬೇರೆ ಬೇರೆಯಾಗಿಯೇ ಉಳಿದರೆ ಆ ಹೂದಾನಿಯನ್ನು ಬರೆದವನು ಕುಶಲಿ. ಅಡಿಯಲ್ಲಿ ಹೆಸರಿರಲಿ, ಬಿಡಲಿ.

ಸಗಟು ಮಾಲಿನಲ್ಲಿ ಮೂರನೇ ಮುಖಕ್ಕೇ ಗುಟ್ಟು ರಟ್ಟಾಗುತ್ತದೆ. ಅದೇ ಗಂಟುಹುಬ್ಬು, ಅದೇ ಓರೆ ಮೂಗು, ಬಣ್ಣ ಗೆರೆಯಿಂದಾಚೆ ಚೆಲ್ಲಿರುತ್ತದೆ. ಪ್ರಭಾವಳಿ ಬರೀ ಒಂದು ಚಿನ್ನದ ಬಿಲ್ಲೆ. ಬಟ್ಟೆಯ ಮಡಿಕೆಗಳು ದೇಹದ ಭಂಗಿಗೆ ಹೊಂದುವುದಿಲ್ಲ, ತೋಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ತಿಳಿಯದು. ಕೈಬೆರಳುಗಳನ್ನು ಕಳ್ಳತನದಿಂದ ತೋಳಿನೊಳಗೆ ಅಡಗಿಸಿಬಿಡುತ್ತಾರೆ. ಹೂದಾನಿಯ ಹಿಂಬದಿಯನ್ನೂ ನೋಡಿ. ಕುಶಲಿ ಹಿಂಬದಿಯ ಬಂಡೆ, ಮೋಡಗಳಿಗೂ ಅಷ್ಟೇ ಸಮಯ ಕೊಟ್ಟಿರುತ್ತಾನೆ.

ಅಚ್ಚು ಒತ್ತಿದ ಚಿತ್ರವೋ ಕೈಬರಹವೋ ಎಂಬ ಪ್ರಶ್ನೆಯಲ್ಲಿ ಒಂದು ಸೂಕ್ಷ್ಮವಿದೆ. ಲೂಪಿನಲ್ಲಿ ಬಣ್ಣದ ಜಾಗ ಸಣ್ಣ ಸಣ್ಣ ಒಂದೇ ಅಳತೆಯ ಚುಕ್ಕೆಗಳಾಗಿ, ಪತ್ರಿಕೆಯ ಫೋಟೋದಂತೆ ಒಡೆದು ಕಂಡರೆ ಅದು ಇತ್ತೀಚಿನ ಅಂಟುಚಿತ್ರ, ಅಲ್ಲಿಗೆ ಮಾತು ಮುಗಿಯಿತು. ಆದರೆ ಹೊರಗೆರೆ ಮಾತ್ರ ಅಚ್ಚಿನದ್ದೆಂದು ಕಂಡರೆ ತಕ್ಷಣ ಕೈಬಿಡಬೇಡಿ. ಒಸಾಕಾದ ಯಾಬು ಮೇಯ್ಜಾನ್ (1853–1934) ಈ ಕಲೆಯ ದೊಡ್ಡ ಹೆಸರುಗಳಲ್ಲೊಂದು. ಅವನ ಕಾರ್ಯಾಗಾರದಲ್ಲೇ ತಾಮ್ರದ ಫಲಕದಿಂದ ಹೊರಗೆರೆ ಒತ್ತಿಕೊಂಡು, ಮೇಲೆ ಕುಂಚದಿಂದ ತುಂಬುವ ಪದ್ಧತಿಯಿತ್ತು. ಗೆರೆಯ ಮೇಲೆ ಕುಂಚ ಏನು ಮಾಡಿದೆ ಎಂಬುದೇ ಬೆಲೆ ನಿರ್ಧರಿಸುವುದು.

ಚಿನ್ನವನ್ನು ಕಡೆಗೆ ನೋಡಿ. ಬಣ್ಣಗಳನ್ನು ಗ್ಲೇಜ್ ಮೇಲೆ ಬರೆದು ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೂರಿಸುತ್ತಾರೆ. ಚಿನ್ನದ ಸರದಿ ಎಲ್ಲಕ್ಕಿಂತ ಕೊನೆಯದು, ಅದರ ಹಿಡಿತವೂ ಎಲ್ಲಕ್ಕಿಂತ ಸಡಿಲ. ಹಳೆಯ ಚಿನ್ನಕ್ಕೆ ಮೆತ್ತಗಿನ, ಮಂದವಾದ ಹೊಳಪು. ಕೈ ಓಡಾಡಿದ ಬಾಯಂಚು, ಹಿಡಿಕೆ, ಭುಜಗಳಲ್ಲಿ ಸವೆದಿರುತ್ತದೆ, ತಗ್ಗಿನಲ್ಲಿ ಉಳಿದಿರುತ್ತದೆ. ಉಬ್ಬಿನಲ್ಲೂ ತಗ್ಗಿನಲ್ಲೂ ಕನ್ನಡಿಯಂತೆ ಒಂದೇ ಸಮ ಹೊಳೆದರೆ ಮತ್ತೆ ಬಳಿದದ್ದು, ಇಲ್ಲವೇ ವಸ್ತುವೇ ಹೊಸದು.

ಯಾರು ಯಾರೆಂದು ತಿಳಿಯುವುದು

ಮಾರುವವರು ಪ್ರಭಾವಳಿ ಇದ್ದವರನ್ನೆಲ್ಲ "ಬುದ್ಧ" ಎಂದುಬಿಡುತ್ತಾರೆ. ಕೈಯಲ್ಲಿ, ಕಾಲ ಬುಡದಲ್ಲಿ ಏನಿದೆ ನೋಡಿದರೆ ಹೆಸರು ಸಿಗುತ್ತದೆ. ಭಾರತದ ಓದುಗರಿಗೆ ಇದು ಸುಲಭ, ಏಕೆಂದರೆ ಇವರಲ್ಲಿ ಹಲವರು ಇಲ್ಲಿಂದ ಹೋದವರೇ.

ಭಿಕ್ಷಾಪಾತ್ರೆಯಿಂದ ಹೊಗೆಯಂತೆ ಡ್ರ್ಯಾಗನ್ ಏಳುತ್ತಿದ್ದರೆ ಅವನು ಪಂಥಕ, ಜಪಾನಿನಲ್ಲಿ ಹಂದಾಕಾ. ಪಕ್ಕದಲ್ಲಿ ಹುಲಿ ಮಲಗಿದ್ದರೆ ಭದ್ರ. ಹೂದಾನಿಗಳ ಮೇಲೆ ಅತಿ ಹೆಚ್ಚು ಕಾಣುವವರು ಇವರಿಬ್ಬರು, ಯಾಕೆಂದರೆ ಚಿತ್ರಕ್ಕೆ ಕಳೆ ಬರುವುದು ಪ್ರಾಣಿಯಿಂದಲೇ. ಉಳಿದವರ ಕೈಯಲ್ಲಿ ಚಾಮರದಂಥ ಕುಚ್ಚು, ತುದಿಯಲ್ಲಿ ಬಳೆಗಳಿರುವ ಊರುಗೋಲು, ಸುರುಳಿ ಗ್ರಂಥ, ವಜ್ರಾಯುಧ, ಜಪಮಾಲೆಗಳಿರುತ್ತವೆ. ಇವರನ್ನು ಒಬ್ಬೊಬ್ಬರಾಗಿ ಗುರುತಿಸುವ ಹಟ ಬೇಡ, ರಫ್ತಿನ ಚಿತ್ರಕಾರರು ವಸ್ತುಗಳನ್ನು ಅದಲುಬದಲು ಮಾಡಿದ್ದಾರೆ. ಹದಿನಾರು ಅರ್ಹಂತರ ಪಟ್ಟಿ ಪೂರ್ವ ಏಷ್ಯಾಕ್ಕೆ ಗಟ್ಟಿಯಾಗಿ ತಲುಪಿದ್ದು 654ರಲ್ಲಿ ಹ್ಯುಯೆನ್‌ತ್ಸಾಂಗ್ ಮಾಡಿದ ಅನುವಾದದಿಂದ. ಚೀನಾದಲ್ಲಿ ಅದು ಹದಿನೆಂಟಾಯಿತು, ಜಪಾನಿನಲ್ಲಿ ಹದಿನಾರೇ ಹೆಚ್ಚು ಬಳಕೆಯಲ್ಲಿ ಉಳಿಯಿತು.

ಗುಂಪಿನ ನಡುವೆ ತಲೆ ಮೇಲೆ ಸೆರಗಿನಂತೆ ಬಿಳಿ ವಸ್ತ್ರ ಹೊದ್ದು, ಬಂಡೆಯ ಮೇಲೋ ಡ್ರ್ಯಾಗನ್ ಮೇಲೋ ಕೂತ ಸೌಮ್ಯ ಮುಖ ಕನ್ನೊನ್‌ದು, ಅಂದರೆ ಅವಲೋಕಿತೇಶ್ವರನದು. ಮಂಗಳೂರಿನ ಕದ್ರಿಯಲ್ಲಿರುವ, 968ರ ಶಾಸನ ಹೊತ್ತ ಲೋಕೇಶ್ವರನ ಕಂಚಿನ ಮೂರ್ತಿಯೂ ಅದೇ ಬೋಧಿಸತ್ವ. ಕದ್ರಿಯಲ್ಲಿ ಮೂರು ಮುಖ, ಆರು ಕೈ, ಕಿರೀಟ. ಸಾತ್ಸುಮಾದಲ್ಲಿ ಹೆಣ್ಣಿನ ಚಹರೆ, ಎರಡೇ ಕೈ, ಕೈಯಲ್ಲಿ ಕುಂಭ ಅಥವಾ ತಾವರೆ. ಮುಡಿಯ ಮುಂದೆ ಪುಟ್ಟ ಬುದ್ಧನ ಆಕೃತಿ ಕಂಡರೆ ಅನುಮಾನವೇ ಬೇಡ.

ಬಿಳಿ ಆನೆಯ ಮೇಲೆ ಕೂತವರು ಫುಗೆನ್, ಅಂದರೆ ಸಮಂತಭದ್ರ. ಸಿಂಹದ ಮೇಲಿನವರು ಮೊಂಜು, ಅಂದರೆ ಮಂಜುಶ್ರೀ. ಜ್ವಾಲೆಯ ಹಿನ್ನೆಲೆ, ಕತ್ತಿ ಮತ್ತು ಹಗ್ಗ ಹಿಡಿದ ಉಗ್ರರೂಪಿ ಫುದೋ, ಅಂದರೆ ಅಚಲ. ಕೆಂಪು ಹೊದಿಕೆ, ಗಡ್ಡ, ಉರುಟು ಕಣ್ಣು ಇದ್ದರೆ ಬೋಧಿಧರ್ಮ. ವೀಣೆಯಂಥ ವಾದ್ಯ ನುಡಿಸುವ ಬೆಂಜೈತೆನ್ ನಮ್ಮ ಸರಸ್ವತಿ, ಸುತ್ತಿಗೆ ಹಿಡಿದು ಅಕ್ಕಿ ಮೂಟೆಯ ಮೇಲೆ ನಿಂತ ದೈಕೊಕು ಮಹಾಕಾಲ, ಕವಚ ತೊಟ್ಟು ಕೈಯಲ್ಲಿ ಪುಟ್ಟ ಗೋಪುರ ಹಿಡಿದ ಬಿಶಾಮೊನ್ ವೈಶ್ರವಣ. ಈ ಮೂವರೂ ಜಪಾನಿನ ಏಳು ಅದೃಷ್ಟ ದೇವತೆಗಳ ಪೈಕಿ. ಆದರೆ ಹೆಗಲ ಮೇಲೆ ಕಪ್ಪೆ ಇದ್ದವನು ಬೌದ್ಧನೇ ಅಲ್ಲ, ಅವನು ಚೀನಾದ ತಾವೋ ಸಂಪ್ರದಾಯದ ಸಿದ್ಧ. ಮಾರಾಟದ ಪಟ್ಟಿಯಲ್ಲಿ ಇವರನ್ನೂ ರಾಕಾನ್ ಎಂದು ಬರೆದಿದ್ದರೆ ಮಾರುವವರಿಗೆ ವಿಷಯ ಗೊತ್ತಿಲ್ಲ.

ಕಣ್ಣು ಪಳಗಿಸಲು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಹತ್ತಿರದ ಜಾಗ. ಅದರ ಜಪಾನ್ ಸಂಗ್ರಹದಲ್ಲಿ ಸಾತ್ಸುಮಾ ಇದೆ. ಕೊಳ್ಳುವ ಮೊದಲು ಒಳ್ಳೆಯ ಕೆಲಸವನ್ನು ಎದುರಲ್ಲೇ ನೋಡಿದ್ದರೆ ಸಗಟು ಮಾಲು ದೂರದಿಂದಲೇ ಗೊತ್ತಾಗುತ್ತದೆ.

ಅಡಿಯ ಮುದ್ರೆ

ವೃತ್ತದೊಳಗೆ ಕೂಡು ಚಿಹ್ನೆ ಶಿಮಾಜು ಮನೆತನದ ಲಾಂಛನ, ಸಾಮಾನ್ಯವಾಗಿ ಕೆಂಪಿನಲ್ಲಿ. ಕ್ಯೋಟೊದವರೂ ಒಸಾಕಾದವರೂ ಅದನ್ನೇ ಬರೆದುಕೊಂಡರು, ಹಾಗಾಗಿ ಅದು ಊರನ್ನೂ ಹೇಳದು, ವರ್ಷವನ್ನೂ ಹೇಳದು. ಅದು ಮೇಲಿರುವಂತೆ ಪಾತ್ರೆ ಹಿಡಿಯಿರಿ. ಕೆಳಗಿನ ಬರಹವನ್ನು ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದುತ್ತಾರೆ. ಬೇರೆಯವರಿಗೆ ಓದಲು ಫೋಟೋ ಕಳಿಸುವಾಗ ಹೀಗೆ ನೆಟ್ಟಗಿಟ್ಟು ತೆಗೆಯಿರಿ, ತಲೆಕೆಳಗಾದ ಮುದ್ರೆಯನ್ನು ಯಾರೂ ಓದಲಾರರು.

"ದಾಯ್ ನಿಪ್ಪೊನ್" ಎಂಬ ಅಕ್ಷರಗಳು ಮೇಯ್ಜಿ ಕಾಲದ, ಅಂದರೆ 1868ರಿಂದ 1912ರ ನಡುವಿನ ರೂಢಿ. ಅಮೆರಿಕದ ಆಮದು ಕಾನೂನಿನಿಂದ 1891ರ ನಂತರ ಅಲ್ಲಿಗೆ ಹೋದ ಸರಕಿನ ಮೇಲೆ ರೋಮನ್ ಅಕ್ಷರದಲ್ಲಿ "ನಿಪ್ಪೊನ್" ಬಂತು, 1921ರ ನಂತರ ಅದು "ಜಪಾನ್" ಆಯಿತು. ಬ್ರಿಟನ್ನಿಗೋ ಭಾರತಕ್ಕೋ ಬಂದ ಪಾತ್ರೆಗೆ ಈ ಕಾನೂನು ಅನ್ವಯಿಸದು, ಆದ್ದರಿಂದ ರೋಮನ್ ಅಕ್ಷರ ಇಲ್ಲದ ಮಾತ್ರಕ್ಕೆ 1891ಕ್ಕಿಂತ ಹಿಂದಿನದು ಎನ್ನಲಾಗದು. ರೋಮನ್ ಅಕ್ಷರದಲ್ಲಿ "ಸಾತ್ಸುಮಾ" ಎಂದಿದ್ದರೆ ಸಾಮಾನ್ಯವಾಗಿ ಈಚಿನದ್ದು. "ರಾಯಲ್ ಸಾತ್ಸುಮಾ" ಎಂದಿದ್ದರಂತೂ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳ ಅಲಂಕಾರದ ಸಾಮಾನು, ಎಷ್ಟೇ ದೊಡ್ಡದಿರಲಿ.

ಕ್ಯೋಟೊದ ಕಿಂಕೋಜಾನ್ ಕಾರ್ಖಾನೆಯ ಮುದ್ರೆಯನ್ನು ಒತ್ತಿದ್ದೂ ಸಿಗುತ್ತದೆ, ಬರೆದದ್ದೂ ಸಿಗುತ್ತದೆ. ಅದೇ ಕಾರ್ಖಾನೆಯಿಂದ ಅತ್ಯುತ್ತಮ ಕೆಲಸವೂ ಬಂದಿದೆ, ಅವಸರದ ಕೆಲಸವೂ ಬಂದಿದೆ. ಕಡುನೀಲಿ ಹಿನ್ನೆಲೆಯ ನಡುವೆ ಚೌಕಟ್ಟು ಕಟ್ಟಿ ಒಳಗೆ ಚಿತ್ರ ಬರೆದದ್ದು ಕಂಡರೆ ಮೊದಲು ನೆನಪಾಗುವ ಹೆಸರು ಇದು. ಆದರೂ ಹೆಸರಿಗೆ ದುಡ್ಡು ಕೊಡುವ ಮುನ್ನ ಮುಖಗಳಿಗೆ ಮರಳಿ ಹೋಗಿ.

ರಿಪೇರಿ ಪತ್ತೆ

ಕತ್ತಲೆ ಕೋಣೆಯಲ್ಲಿ ನೇರಳಾತೀತ ಟಾರ್ಚನ್ನು ಓರೆಯಾಗಿ ಹಾಯಿಸಿ, ಅದರ ಬೆಳಕನ್ನು ನೇರ ನೋಡಬೇಡಿ. ಮೂಲ ಗ್ಲೇಜ್ ಒಂದೇ ರೀತಿ ಕಾಣುತ್ತದೆ. ಮಧ್ಯೆ ಹಾಲುನೀಲಿ ಅಥವಾ ಹಸಿರುಹಳದಿ ತೇಪೆ ಹೊಳೆದರೆ ಅಲ್ಲಿ ಅಂಟು, ರಾಳ ಅಥವಾ ಹೊಸ ಬಣ್ಣ ಇದೆ. ಏನೂ ಹೊಳೆಯದಿದ್ದರೆ ಶುದ್ಧ ಎಂದು ತೀರ್ಮಾನಿಸಬೇಡಿ, ಈಗ ಹೊಳೆಯದ ವಸ್ತುಗಳನ್ನೇ ಆರಿಸಿ ಬಳಸುವವರಿದ್ದಾರೆ. ಬೆರಳ ಹಿಂಬದಿಯನ್ನು ಬಾಯಂಚಿನ ಸುತ್ತ ಸವರಿ: ಸುಟ್ಟ ಮಣ್ಣು ತಣ್ಣಗೆ, ರಾಳ ತುಂಬಿದ ಜಾಗ ತುಸು ಬೆಚ್ಚಗೆ. ಬಿರುಕಿನ ಬಲೆ ಇದ್ದಕ್ಕಿದ್ದಂತೆ ನಿಂತುಹೋದ ಜಾಗ ಇನ್ನೂ ಗಟ್ಟಿ ಸಾಕ್ಷಿ, ಯಾಕೆಂದರೆ ಆ ಬಲೆಯನ್ನು ಕೈಯಲ್ಲಿ ಬರೆದು ನಂಬಿಸುವುದು ಕಷ್ಟ. ಸೂಜಿಯಿಂದ ಕೆರೆದು ನೋಡುವ ಹಳೇ ಚಾಳಿ ಬೇಡವೇ ಬೇಡ.

ಬಾಯಂಚಿನಲ್ಲಿ ಚಿನ್ನದ ಪಟ್ಟಿ ಇಲ್ಲದೆ, ಅಲಂಕಾರದ ಸಾಲು ಅರ್ಧಕ್ಕೇ ತುಂಡಾಗಿದ್ದರೆ ಒಡೆದ ಬಾಯನ್ನು ಉಜ್ಜಿ ತಗ್ಗಿಸಿದ್ದಾರೆ. ಜೋಡಿ ಹೂದಾನಿಯಾದರೆ ಎರಡರ ಎತ್ತರ ಅಳೆಯಿರಿ. ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ, ಒಂದು ಸೆಂಟಿಮೀಟರ್ ಆದರೆ ಕಾರಣ ಹುಡುಕಿ. ನಿಜವಾದ ಜೋಡಿಯಲ್ಲಿ ಚಿತ್ರಗಳು ಸಾಮಾನ್ಯವಾಗಿ ಒಂದಕ್ಕೊಂದು ಎದುರುಬದುರಾಗಿ ತಿರುಗಿರುತ್ತವೆ. ಅಡಿಯಲ್ಲಿ ತೂತಿದೆಯೇ ಎಂದೂ ನೋಡಿ. ಬಹಳಷ್ಟು ಹೂದಾನಿಗಳನ್ನು ವಿದ್ಯುತ್ ದೀಪದ ಕಂಬವಾಗಿಸಲು ಕೊರೆದಿದ್ದಾರೆ, ಕೆಲವನ್ನು ಆಮೇಲೆ ಮುಚ್ಚಿ ಬಣ್ಣ ಹಚ್ಚಿದ್ದಾರೆ. ಆ ಮೋಸ ಒಳಗಿನಿಂದ ಟಾರ್ಚ್ ಹಾಕಿದಾಗ ಕಾಣುತ್ತದೆ.

ಶುಚಿ ಮಾಡುವುದು

ನೀರಿನಲ್ಲಿ ಮುಳುಗಿಸಬೇಡಿ. ಬಿರುಕಿನ ಬಲೆಯ ಮೂಲಕ ಮಣ್ಣು ನೀರು ಕುಡಿಯುತ್ತದೆ, ಒಣಗುವಾಗ ಒಳಗಿನ ಕೊಳೆ ಮತ್ತು ಉಪ್ಪು ಮೇಲಕ್ಕೆ ಬಂದು ಮೊದಲಿಲ್ಲದ ಕಂದು ಕಲೆ ಮೂಡುತ್ತದೆ. ಹುಣಸೆಹಣ್ಣು, ನಿಂಬೆ, ವಿನೆಗರ್ ಯಾವುದೂ ಕೂಡದು, ಕಡಿಮೆ ಶಾಖದ ಬಣ್ಣಗಳನ್ನು ಹುಳಿ ತಿನ್ನುತ್ತದೆ. ಬ್ಲೀಚು, ಅಡಿಗೆ ಸೋಡಾ, ಪಾತ್ರೆ ಪುಡಿ, ಬ್ರಾಸೊ ಎಲ್ಲವೂ ಚಿನ್ನಕ್ಕೆ ಕುತ್ತು.

ಮಾಡಬೇಕಾದದ್ದು ಹೀಗೆ. ಮೆತ್ತನೆಯ ಕೂದಲಿನ ಅಗಲ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ಉಬ್ಬುಚುಕ್ಕೆಗಳಿರುವಲ್ಲಿ ಕುಂಚ ಒತ್ತಬಾರದು, ತೇಲಿಸಬೇಕು. ಬಟ್ಟೆ ಬಳಸಿದರೆ ಅದರ ಎಳೆ ಸಿಕ್ಕಿ ಚುಕ್ಕೆ ಕಿತ್ತುಬರುತ್ತದೆ. ಹೆಚ್ಚಿನ ಪಾತ್ರೆಗಳಿಗೆ ಇಷ್ಟೇ ಸಾಕು. ಇನ್ನೂ ಮಸಿ ಉಳಿದಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ಇಯರ್ ಬಡ್ ಅದ್ದಿ, ಟಿಶ್ಯೂ ಮೇಲೆ ಒತ್ತಿ ನೀರು ಹಿಂಡಿ. ಮೊದಲು ಹಿಂಬದಿಯ ಅಡಿಯ ಹತ್ತಿರ, ಚಿನ್ನ ಇಲ್ಲದ ಕಡೆ, ಆಮೇಲೆ ಚಿನ್ನದ ಒಂದು ಚುಕ್ಕೆಯ ಮೇಲೆ ಪರೀಕ್ಷಿಸಿ. ಬಡ್‌ಗೆ ಹಳದಿಯೋ ಕೆಂಪೋ ಹತ್ತಿದರೆ ನಿಲ್ಲಿಸಿ, ಅಲ್ಲಿ ಸುಡದ ಬಣ್ಣವಿದೆ. ಹತ್ತದಿದ್ದರೆ ಎರಡು ಮೂರು ಸೆಂಟಿಮೀಟರಿನಷ್ಟು ಜಾಗ ಹಿಡಿದು, ಬಡ್ಡನ್ನು ಉಜ್ಜದೆ ಉರುಳಿಸಿ, ಕೂಡಲೇ ಒಣ ಬಡ್‌ನಿಂದ ತೇವ ತೆಗೆಯಿರಿ. ಒಂದು ಬಡ್ ಒಂದೇ ಸಲ. ಮುಗಿದ ಮೇಲೆ ಒಂದು ದಿನ ಗಾಳಿಯಾಡುವಲ್ಲಿಟ್ಟು, ಆಮೇಲೆ ಕಪಾಟಿಗೆ.

ಬಿರುಕಿನೊಳಗೆ ಕೂತ ಕಂದು ಬಣ್ಣವನ್ನು ತೆಗೆಯಹೋಗಬೇಡಿ, ಅದು ವಯಸ್ಸಿನ ಸಾಕ್ಷಿ. ಹಳೆಯ ಅಂಟಿನ ಹಳದಿ ಗೆರೆಯನ್ನು ನೇಲ್ ಪಾಲಿಶ್ ರಿಮೂವರ್‌ನಿಂದ ತೆಗೆಯುವ ಆಸೆಯೂ ಬೇಡ, ಅದು ರಿಪೇರಿಯ ಬಣ್ಣವನ್ನೂ ಕರಗಿಸಿ ತುಂಡುಗಳನ್ನು ಬಿಡಿಸುತ್ತದೆ.

ಸುಮಿದಾ ಎಂಬ ಇನ್ನೊಂದು ಬಗೆಯ ಪಾತ್ರೆಗಳ ಮೈಮೇಲೆ ಪುಟ್ಟ ರಾಕಾನ್ ಗೊಂಬೆಗಳನ್ನೇ ಅಂಟಿಸಿರುತ್ತಾರೆ, ಬಾಯಿಯಿಂದ ದಪ್ಪ ಗ್ಲೇಜ್ ಸುರಿದಂತಿರುತ್ತದೆ. ಅವುಗಳ ಕೆಂಪು ಹಿನ್ನೆಲೆ ಬಹುಮಟ್ಟಿಗೆ ಸುಡದ ಬಣ್ಣ, ಒದ್ದೆ ಬಡ್ ಕೂಡ ತಾಗಬಾರದು.

ಇಡುವುದು, ಸಾಗಿಸುವುದು

ಹೂ ಇಡಬೇಕೆಂದಿದ್ದರೆ ಒಳಗೊಂದು ಗಾಜಿನ ಲೋಟ ಇಳಿಸಿ ಅದಕ್ಕೆ ನೀರು ಹಾಕಿ. ನೇರ ನೀರು ಹಾಕಿದರೆ ಕೆಲವೇ ದಿನಗಳಲ್ಲಿ ಅಡಿಯಲ್ಲಿ ತೇವ ಜಿನುಗುತ್ತದೆ. ಸಾತ್ಸುಮಾದ ಬಟ್ಟಲು, ತಟ್ಟೆಗಳಲ್ಲಿ ತಿನ್ನುವುದು ಕುಡಿಯುವುದು ಬೇಡ, ಇಂಥ ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತದೆ. ಕನ್ನೊನ್ ಅಥವಾ ಬುದ್ಧನ ಚಿತ್ರವೆಂದು ದೇವರ ಮನೆಯಲ್ಲಿಡುವವರು ಕುಂಕುಮ, ಅರಿಶಿನ, ಎಣ್ಣೆ, ಧೂಪದ ಹೊಗೆ ತಾಗದಂತೆ ನೋಡಿಕೊಳ್ಳಿ. ಬಿರುಕಿಗೆ ಇಳಿದ ಅರಿಶಿನ ಹೊರಗೆ ಬರುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಮುಚ್ಚಿದ ಕಪಾಟಿಗಿಂತ ಗಾಳಿಯಾಡುವ ಶೆಲ್ಫ್ ಮೇಲು, ಗೋಡೆಯ ತೇವ ತಾಗದಂತೆ ಒಂದಿಷ್ಟು ಮುಂದಕ್ಕೆ. ಅಡಿಗೆ ಫೆಲ್ಟ್ ಬಟ್ಟೆ ಹಾಕಿ. ಅಲುಗಾಡದಂತೆ ಜೇಡಿಯಂಥ ಅಂಟನ್ನು ಗ್ಲೇಜಿಲ್ಲದ ಅಡಿಬಳೆಗೆ ಮೆತ್ತಿದರೆ ಅದರ ಎಣ್ಣೆ ಮಣ್ಣಿಗಿಳಿದು ಕಲೆಯಾಗುತ್ತದೆ.

ಸಾಗಿಸುವಾಗ ಮೊದಲ ಪದರ ಬಣ್ಣವಿಲ್ಲದ ಟಿಶ್ಯೂ ಕಾಗದ. ಪತ್ರಿಕೆ ನೇರ ತಾಗಿದರೆ ಶಾಯಿ ಇಳಿಯುತ್ತದೆ. ಬಬಲ್ ರ‍್ಯಾಪ್ ನೇರ ಸುತ್ತಿದರೆ ಸೆಕೆಗೆ ಗುಳ್ಳೆಗಳ ಗುರುತು ಚಿನ್ನದ ಮೇಲೆ ಉಳಿಯಬಹುದು. ಹಿಡಿಕೆಯ ಸಂದುಗಳಿಗೆ ಮೊದಲು ಟಿಶ್ಯೂ ಉಂಡೆ ತುಂಬಿ ಇಡೀ ಆಕಾರ ದುಂಡಗಾಗುವಂತೆ ಮಾಡಿ, ಆಮೇಲೆ ಬಬಲ್ ರ‍್ಯಾಪ್. ಒಳಪೆಟ್ಟಿಗೆಯಲ್ಲಿ ಸುತ್ತಲೂ ಐದು ಸೆಂಟಿಮೀಟರ್ ಫೋಮ್, ಹೊರಪೆಟ್ಟಿಗೆಗೂ ಅದಕ್ಕೂ ನಡುವೆ ಇನ್ನೈದು. ಮುಚ್ಚಳ ಬೇರೆಯೇ ಪೊಟ್ಟಣ. ಪ್ಯಾಕ್ ಮಾಡುವ ಮುನ್ನ ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ನಾಲ್ಕು ಬದಿ, ಬಾಯಿ, ಒಳಭಾಗ, ಅಡಿ ಮತ್ತು ಇರುವ ಪ್ರತಿ ಸೀಳಿನ ಫೋಟೋ ತೆಗೆದು, ಎತ್ತರ, ಅಗಲ, ತೂಕ ಬರೆದಿಡಿ. ದಾರಿಯಲ್ಲಿ ಒಡೆದರೆ ವಿಮೆಯವರು ಕೇಳುವುದು ಇದನ್ನೇ.

ಭಾರತದಿಂದ ಹೊರಗೆ ಕಳಿಸುವುದಾದರೆ ನೂರು ವರ್ಷದ ಗೆರೆ ನೆನಪಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಪುರಾತನ ವಸ್ತುಗಳ ಖಾಸಗಿ ರಫ್ತಿಗೆ ಅವಕಾಶವಿಲ್ಲ, ಮತ್ತು ಮೇಯ್ಜಿ ಕಾಲದ ಪಾತ್ರೆ ಆ ವಯಸ್ಸು ದಾಟಿದೆ. ವಿದೇಶದಲ್ಲಿರುವ ಮಕ್ಕಳಿಗೆಂದು ಕಳಿಸುವವರೂ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಗೆ ಫೋಟೋ ಮತ್ತು ಅಳತೆಗಳೊಂದಿಗೆ ಹೋಗಿ ವಿಚಾರಿಸಬೇಕು. ನೂರು ವರ್ಷ ತುಂಬದ ಸಗಟು ಮಾಲಾಗಿದ್ದು ಪುರಾತನ ವಸ್ತುವಲ್ಲ ಎಂದು ತಜ್ಞರು ಒಪ್ಪಿದರೆ ಅದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಅದು ಕೈಗೆ ಬಂದ ಮೇಲೆಯೇ ಕೊರಿಯರ್‌ನವರನ್ನು ಕರೆಯಿರಿ.